ಗಂಗಾಮೂಲದ ಮಗಳು, ಕೇಡಗಾಂವದ ತಾಯಿ

ದೇವರನ್ನು ನಂಬುವುದಕ್ಕೆ ಮನುಷ್ಯನಿಗೆ ಯಾರ ಅಪ್ಪಣೆ ಬೇಕು? ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳಿದರೆ ‘ಯಾರದೂ ಬೇಡ’ ಎಂದೇ ಎಲ್ಲರೂ ಉತ್ತರ ಹೇಳುವರು. ಆದರೆ ಲೋಕದ ನಡೆ ಹಾಗಿಲ್ಲ. ಒಬ್ಬನು ತಾನು ಹುಟ್ಟಿದ ಮತವನ್ನು ಬಿಟ್ಟು ಮತ್ತೊಂದನ್ನು ಹಿಡಿದನೆನ್ನೋಣ. ಅವನನ್ನು ಕಳೆದುಕೊಂಡವರು ದ್ರೋಹವೆಂದು ಮುನಿಯುವರು; ಅವನನ್ನು ಸೇರಿಸಿಕೊಂಡವರು ‘ಇನ್ನು ನಾವು ಹೇಳಿದಂತೆ ನಡೆಯತಕ್ಕದ್ದು’ ಎಂದು ಎದುರುನೋಡುವರು. ಮೊದಲನೆಯವರ ಮುನಿಸು ಊರಿಗೆಲ್ಲ ಕೇಳಿಸುತ್ತದೆ. ಎರಡನೆಯವರ ಯಜಮಾನಿಕೆ ಮನೆಯೊಳಗಿನ ಮಾತಾಗಿಯೇ ಉಳಿಯುತ್ತದೆ. ಎರಡನ್ನೂ ಎದುರಿಸಿ, ಎರಡರಿಂದಲೂ ಮನಸ್ಸನ್ನು ಕಹಿ ಮಾಡಿಕೊಳ್ಳದೆ, ಹಿಡಿದ ನಂಬಿಕೆಯನ್ನೂ ಬಿಡದೆ ಕೊನೆಯವರೆಗೆ ನಡೆದವರು ವಿರಳ. ಅಂಥ ವಿರಳರಲ್ಲಿ ಒಬ್ಬರು ನಮ್ಮ ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು.

ಕನ್ನಡಿಗರಿಗೆ ಈ ಹೆಸರು ಅಪರಿಚಿತವೇನಲ್ಲ. ಆದರೆ ಸಮಾಜಸುಧಾರಕರ ಪಟ್ಟಿಯಲ್ಲಿ ಒಂದು ಸಾಲಾಗಿ, ವಿಧವೆಯರ ಉದ್ಧಾರಕ್ಕೆ ದುಡಿದವರೆಂಬ ಒಂದು ವಿಶೇಷಣವಾಗಿ, ಅದು ನಮ್ಮ ಪಠ್ಯಗಳಲ್ಲಿ ಬಂದು ಹೋಗುತ್ತದೆ. ನಾನು ಕನ್ನಡ ಪಾಠ ಹೇಳುವವನು. ಮತತತ್ತ್ವ ನನ್ನ ಅಧ್ಯಯನದ ವಿಷಯವಲ್ಲ. ಆದರೂ 1907ರಲ್ಲಿ ಅವರು ಬರೆದ ಆತ್ಮಸಾಕ್ಷ್ಯದ ಕಿರುಹೊತ್ತಗೆಯನ್ನೂ, 1977ರಲ್ಲಿ ಅಚ್ಚಾಗಿ ಬಂದ ಅವರ ಪತ್ರಸಂಪುಟವನ್ನೂ ಓದಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ರಮಾಬಾಯಿಯವರ ಸೇವೆಯನ್ನು ಹೊಗಳಿ, ಅವರ ನಂಬಿಕೆಯನ್ನು ಮೆಲ್ಲನೆ ಬದಿಗೆ ಸರಿಸುವುದು ನಮ್ಮ ವಾಡಿಕೆಯಾಗಿದೆ. ಬೇರನ್ನು ಬಿಟ್ಟು ಹಣ್ಣನ್ನು ಮಾತ್ರ ಹೊಗಳಿದಂತೆ ಅದು. ಆ ಬೇರು ಯಾವ ಮಣ್ಣಿನಲ್ಲಿ ಇಳಿದಿತ್ತು, ಯಾವ ಗಾಳಿಗೆ ಎದುರಾಗಿ ನಿಂತಿತು ಎಂಬುದನ್ನು ನೋಡುವುದೇ ಈ ಬರಹದ ಉದ್ದೇಶ.

ತಂದೆಯ ಪಾಠ

ರಮಾಬಾಯಿಯವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರ ಹುಟ್ಟುನೆಲೆಯೆಂದು ನಾವು ಪೂಜ್ಯವಾಗಿ ಕಾಣುವ ತಾಣವದು. ಕಾರ್ಕಳದ ಬಳಿಯ ಮಾಳದ ಕಡೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿ ಲಕ್ಷ್ಮೀಬಾಯಿಯವರೊಡನೆ ಆ ಕಾಡನ್ನು ಸೇರಿದ್ದಕ್ಕೆ ಒಂದು ಕಾರಣವಿತ್ತು. ಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸತೊಡಗಿದ್ದರು. ಊರು ಅದನ್ನು ಸಹಿಸಲಿಲ್ಲ. ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದುದನ್ನು ಎಳೆಯ ವಯಸ್ಸಿನಲ್ಲಿ ಕಂಡಿದ್ದ ಶಾಸ್ತ್ರಿಗಳಿಗೆ, ರಾಣಿಗೆ ಸಲ್ಲುವ ವಿದ್ಯೆ ತಮ್ಮ ಹೆಂಡತಿಗೇಕೆ ಸಲ್ಲಬಾರದು ಎಂಬುದು ತಿಳಿಯದಾಯಿತು. ಈ ವಿಚಾರ ಉಡುಪಿಯ ವಿದ್ವತ್ಸಭೆಯವರೆಗೂ ಹೋಯಿತೆಂದೂ, ತಮ್ಮ ತಂದೆ ಅಲ್ಲಿ ಶಾಸ್ತ್ರಗ್ರಂಥಗಳಿಂದಲೇ ಆಧಾರಗಳನ್ನು ಎತ್ತಿ ತೋರಿಸಿ ತಮ್ಮ ನಡತೆಯನ್ನು ಸಮರ್ಥಿಸಿಕೊಂಡರೆಂದೂ ರಮಾಬಾಯಿಯವರು ಬರೆದಿದ್ದಾರೆ.

ಒಂದು ಮಾತನ್ನು ಇಲ್ಲಿಯೇ ಗಮನಿಸಬೇಕು. ಅನಂತಶಾಸ್ತ್ರಿಗಳು ಮತವನ್ನು ಬಿಟ್ಟವರಲ್ಲ. ಅವರು ಆಚಾರದಲ್ಲಿ ಅತ್ಯಂತ ನಿಷ್ಠರು. ವೇದವೊಂದನ್ನುಳಿದು ಇತರ ವಿದ್ಯೆ ಸ್ತ್ರೀಯರಿಗೂ ಶೂದ್ರರಿಗೂ ಸಲ್ಲತಕ್ಕದ್ದೆಂಬುದಷ್ಟೇ ಅವರ ವಾದ. ಆದರೆ ದೊಡ್ಡವರ ಸಭೆಯೊಂದು ಒಪ್ಪದಿದ್ದಾಗ ಮನುಷ್ಯನು ತನ್ನ ಮನಸ್ಸಾಕ್ಷಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡಬೇಕಾಗಿಲ್ಲ, ಗ್ರಂಥವನ್ನು ತೆರೆದು ತಾನೇ ಓದಿ ಉತ್ತರ ಹೇಳಬಹುದು ಎಂಬ ಪಾಠ ಆ ಮನೆಯ ಗಾಳಿಯಲ್ಲಿಯೇ ಇತ್ತು. ಮಗಳು ಆ ಪಾಠವನ್ನು ತಂದೆ ಊಹಿಸಿರದ ಊರುಗಳಿಗೆ ಹೊತ್ತುಕೊಂಡು ಹೋದಳು.

ಹೊತ್ತುಕೊಂಡು ಹೋದದ್ದು ಕೇವಲ ಅಲಂಕಾರದ ಮಾತಲ್ಲ. ರಮಾ ಆರು ತಿಂಗಳ ಹಸುಳೆಯಾಗಿದ್ದಾಗ ಆ ಕುಟುಂಬ ಗಂಗಾಮೂಲವನ್ನು ಬಿಟ್ಟಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟವಿಳಿದರು. ಅಲ್ಲಿಂದ ಮುಂದೆ ತೀರ್ಥದಿಂದ ತೀರ್ಥಕ್ಕೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆಯುವುದೇ ಬಾಳಾಯಿತು. ಶಾಲೆಯ ಮುಖ ಕಾಣದ ಹುಡುಗಿ ತಾಯಿಯ ಬಾಯಿಂದ ಕೇಳಿ ಕೇಳಿ, ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಭಾಗವತದ 18,000 ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡಿದ್ದಳೆಂದು ಪ್ರತೀತಿ. ಮರಾಠಿ, ಕನ್ನಡ, ಹಿಂದೂಸ್ಥಾನಿ, ಬಂಗಾಳಿಗಳು ದಾರಿಯುದ್ದಕ್ಕೂ ಕಿವಿಗೆ ಬಿದ್ದು ಬಂದವು.

1870ರ ದಶಕದ ಬರಗಾಲದಲ್ಲಿ ತಂದೆ ಹೋದರು, ತಾಯಿ ಹೋದರು, ಅಕ್ಕನೂ ಹೋದಳು. ಇದ್ದ ಹಣವೆಲ್ಲ ದಾನಧರ್ಮಗಳಿಗೆ, ವ್ರತನೇಮಗಳಿಗೆ ಸಂದುಹೋಗಿತ್ತು; ಕೂಲಿ ಮಾಡಿ ಉಣ್ಣುವ ವಿದ್ಯೆ ಯಾರಿಗೂ ತಿಳಿದಿರಲಿಲ್ಲ. ಉಳಿದವರು ಅಣ್ಣ ಶ್ರೀನಿವಾಸ, ತಂಗಿ ರಮಾ. ಹಸಿವು ಚಳಿಗಳನ್ನು ಸಹಿಸುತ್ತ ಸಾವಿರಾರು ಮೈಲಿ ಕಾಲುನಡಿಗೆಯಲ್ಲಿ ಸಾಗಿ ಇಬ್ಬರೂ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಆ ತರುಣಿಯನ್ನು ಪರೀಕ್ಷಿಸಿ, ಬೆರಗಾಗಿ, ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು.

ಅರ್ಥವಾಗದ ಸಂಸ್ಕೃತ

ಕಲ್ಕತ್ತೆಯಲ್ಲಿ ಎರಡು ಸಂಗತಿಗಳು ನಡೆದವು. ಮೊದಲನೆಯದು: ಕೇಶವಚಂದ್ರ ಸೇನರು ವೇದಗಳನ್ನು ಓದಿರೆಂದು ಅವರನ್ನು ಪ್ರೇರೇಪಿಸಿದರು. ಅದುವರೆಗೆ ಸ್ತ್ರೀಗೆ ನಿಷಿದ್ಧವೆಂದು ನಂಬಿ ದೂರವಿದ್ದ ರಮಾಬಾಯಿಯವರು ಗ್ರಂಥಗಳನ್ನು ತೆರೆದರು. ಧರ್ಮಶಾಸ್ತ್ರಗಳನ್ನು ವಿಮರ್ಶಕ ಕಣ್ಣಿನಿಂದ ಓದಿದರು. ಅನೇಕ ವಿಷಯಗಳಲ್ಲಿ ಪರಸ್ಪರ ಹೊಂದದ ಆ ಗ್ರಂಥಗಳು, ಸ್ತ್ರೀ ಕೀಳು, ಸ್ತ್ರೀಜನ್ಮದಲ್ಲಿ ಮೋಕ್ಷವಿಲ್ಲ ಎಂಬ ವಿಷಯದಲ್ಲಿ ಮಾತ್ರ ಒಮ್ಮತವಾಗಿದ್ದಂತೆ ಅವರಿಗೆ ತೋರಿತು. ಇದು ಅವರ ಓದು. ನಮ್ಮ ಪರಂಪರೆಯಲ್ಲಿ ಬೇರೆ ದನಿಗಳೂ ಇದ್ದುವೆಂದು, ಭಕ್ತಿಪಂಥಗಳ ಸಾಕ್ಷ್ಯ ಬೇರೆಯೆಂದು, ನಾವು ವಾದಿಸಬಹುದು, ವಾದಿಸಲೂಬೇಕು. ಆದರೆ ಹಸಿದ ಹೊಟ್ಟೆಯಲ್ಲಿ ದೇಶವನ್ನೆಲ್ಲ ನಡೆದು, ಬಾಲವಿಧವೆಯರ ಬಾಳನ್ನು ಕಣ್ಣಾರೆ ಕಂಡು ಬಂದ ಇಪ್ಪತ್ತರ ತರುಣಿಗೆ ಪುಸ್ತಕದ ಮಾತೂ ಲೋಕದ ನಡತೆಯೂ ಒಂದೇ ಆಗಿ ಕಂಡುದರಲ್ಲಿ ಆಶ್ಚರ್ಯವೇನು?

ಎರಡನೆಯದು ಸ್ವಲ್ಪ ನಗೆ ತರಿಸುವಂಥದು. ಅಣ್ಣತಂಗಿಯರನ್ನು ಕ್ರೈಸ್ತರ ಕೂಟವೊಂದಕ್ಕೆ ಕರೆದಿದ್ದರು. ಅಲ್ಲಿ ಜನ ಕಣ್ಣುಮುಚ್ಚಿ ಕುರ್ಚಿಗಳ ಮುಂದೆ ಮಂಡಿಯೂರಿದುದನ್ನು ಕಂಡು, ಇವರು ಕುರ್ಚಿಗಳನ್ನು ಪೂಜಿಸುವವರೆಂದು ಇಬ್ಬರೂ ತಿಳಿದರಂತೆ! ಬೀಳ್ಕೊಡುವಾಗ ಅವರ ಕೈಗೆ ಸಂಸ್ಕೃತ ಬೈಬಲ್ಲೊಂದು ಬಂತು. ಓದಿದರೆ ಪದಗಳೆಲ್ಲ ಪರಿಚಿತ, ವಾಕ್ಯದ ಭಾವ ಮಾತ್ರ ಅಪರಿಚಿತ. ಸಂಸ್ಕೃತದಲ್ಲಿ ಸರಸ್ವತಿಯೆನಿಸಿಕೊಂಡವರಿಗೇ ಆ ಸಂಸ್ಕೃತ ಗ್ರಂಥ ಬಾಗಿಲು ತೆರೆಯಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಇದರ ಫಲ ನಲವತ್ತು ವರ್ಷಗಳ ಅನಂತರ ಕಾಣಿಸುತ್ತದೆ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿಯ ಗಡಿ ದಾಟಿ, ಸಿವಿಲ್ ವಿವಾಹದ ಕಾಯಿದೆಯಂತೆ ವರಿಸಿದರು. ಸಿಲ್ಚಾರಿನ ಮನೆಯಲ್ಲಿ, ಪುಸ್ತಕಗಳ ನಡುವೆ, ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಅವರಿಗೆ ಸಿಕ್ಕಿತು. ಇದು ಆಡುನುಡಿಗೆ ಹತ್ತಿರದ ಭಾಷೆ. ಇದು ಒಳಗೆ ಇಳಿಯಿತು. ಮಿಷನರಿಯೊಬ್ಬರು ಮನೆಗೆ ಬಂದು ವಿವರಿಸತೊಡಗಿದರು. ತಾನು ಕ್ರೈಸ್ತಳಾಗುವೆನೆಂದು ರಮಾಬಾಯಿಯವರು ಹೇಳಿದಾಗ ಪತಿ ಒಪ್ಪಲಿಲ್ಲ. ಮಿಷನ್ ಶಾಲೆಯಲ್ಲಿಯೇ ಓದಿದ್ದ ಅವರಿಗೆ ಬೈಬಲ್ ಚೆನ್ನಾಗಿ ಗೊತ್ತಿತ್ತು. ಆದರೆ ಜನ ಹೀನಾಯವಾಗಿ ಕಾಣುವ ಸಮುದಾಯಕ್ಕೆ ಹೆಂಡತಿ ಬಹಿರಂಗವಾಗಿ ಸೇರುವುದು ಬೇಡವಾಗಿತ್ತು. ಮೊದಲ ಅಸಮ್ಮತಿ ಹೀಗೆ ಅತ್ಯಂತ ಪ್ರೀತಿಯ ಮನುಷ್ಯನಿಂದಲೇ ಬಂತು. 1882ರ ಫೆಬ್ರವರಿಯಲ್ಲಿ ಕಾಲರಾ ಆ ಪತಿಯನ್ನೂ ಒಯ್ದಿತು. ಕೈಯಲ್ಲಿ ಇನ್ನೂ ಒಂದು ವರ್ಷ ತುಂಬದ ಮಗಳು ಮನೋರಮೆ, ವಯಸ್ಸು ಇಪ್ಪತ್ತಮೂರು.

ಕಡಲಾಚೆ

ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು; ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಅಧ್ಯಾಪಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು; ‘ಸ್ತ್ರೀಧರ್ಮನೀತಿ’ ಎಂಬ ಮರಾಠಿ ಪುಸ್ತಕ ಬರೆದು, ಅದರಿಂದ ಬಂದ ಹಣದಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯವಿದ್ಯೆ ಕಲಿಯಬೇಕೆಂಬುದು ಹಂಬಲ. ಹೊರಡುವಾಗ, ಮತಾಂತರ ಹೊಂದುವ ವಿಚಾರವಿಲ್ಲವೆಂದು ತಿಳಿಸಿಯೇ ಹೊರಟಿದ್ದರು. ಕಿವಿ ಮಂದವಾಗಿದ್ದುದರಿಂದ ವೈದ್ಯವಿದ್ಯೆಯ ಬಾಗಿಲು ಮುಚ್ಚಿತು. ವಾಂಟೇಜ್ ಎಂಬ ಊರಿನ ಸಂನ್ಯಾಸಿನಿಯರ ಮಠದಲ್ಲಿ ಅವರು ತಂಗಿದ್ದರು.

ಆ ಸಂನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ, ಸಮಾಜ ‘ಜಾರಿದವರು’ ಎಂದು ದೂರವಿಟ್ಟ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ರಮಾಬಾಯಿಯವರು ಅಲ್ಲಿಗೆ ಹೋಗಿ ನೋಡಿದರು. ಅಂಥ ಹೆಂಗಸರನ್ನು ಸೇರಿಸಿ, ಶುಶ್ರೂಷೆ ಮಾಡಿ, ಮರಳಿ ಮನುಷ್ಯರ ಸಾಲಿನಲ್ಲಿ ನಿಲ್ಲಿಸುವುದನ್ನು ಅವರು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲ. ಇದಕ್ಕೆ ಮೂಲವೇನೆಂದು ಕೇಳಿದಾಗ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು: ಬಾವಿಯ ಕಟ್ಟೆಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗ. ಕುಲದಿಂದ ದೂರದವಳು, ನಡತೆಯಿಂದ ಊರಿನ ಬಾಯಿಗೆ ಬಿದ್ದವಳು. ಅವಳ ಕೈಯಿಂದ ನೀರು ಕೇಳಿದ್ದಲ್ಲದೆ, ದೇವರನ್ನು ಆರಾಧಿಸುವ ಬಗೆಯನ್ನೂ ಆತ ಅವಳಿಗೇ ತಿಳಿಸಿದ. ಸ್ತ್ರೀಜನ್ಮಕ್ಕೆ ಮೋಕ್ಷವಿಲ್ಲವೆಂದು ಓದಿ ಬಂದವರಿಗೆ ಈ ಕಥೆ ಏನಾಗಿ ಕೇಳಿಸಿರಬೇಕು! 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಸುದ್ದಿ ತಾಯ್ನಾಡಿಗೆ ಮುಟ್ಟಿದಾಗ ಕೋಲಾಹಲವೆದ್ದಿತು. ‘ಸರಸ್ವತಿ’ಯೆಂದು ಕೊಂಡಾಡಿದ ಬಾಯಿಗಳೇ ಬೈದವು. ಅವರೊಡನೆ ಇಂಗ್ಲೆಂಡಿಗೆ ಹೋಗಿದ್ದ ಸಂಗಾತಿ ಆನಂದೀಬಾಯಿ ಭಗತ್ ಅಲ್ಲಿಯೇ, ದೀಕ್ಷೆಗೆ ತುಸು ಮುಂಚೆ, ಪ್ರಾಣ ಕಳೆದುಕೊಂಡಿದ್ದರು. ಆ ದುಃಖವೂ ಜನರ ರೋಷವೂ ಒಂದಾದವು. ಪರವಾಗಿ ನುಡಿದವರು ಕೆಲವರೇ. ಮಹಾತ್ಮಾ ಜ್ಯೋತಿಬಾ ಫುಲೆಯವರು 1885ರ ‘ಸತ್ಸಾರ’ದಲ್ಲಿ ಆಕೆಯ ನಿರ್ಧಾರವನ್ನು ಸಮರ್ಥಿಸಿದರು.

ಹೊಸ ಮನೆಯ ಯಜಮಾನಿಕೆ

ಇಷ್ಟರವರೆಗಿನ ಕಥೆಯನ್ನು ಹೇಳುವವರು ಬಹಳ. ಮುಂದಿನದನ್ನು ಹೇಳುವವರು ಕಡಿಮೆ. ದೀಕ್ಷೆ ಪಡೆದ ಮರುಗಳಿಗೆಯಿಂದ ರಮಾಬಾಯಿಯವರು ಎದುರಿಸಿದ್ದು ಕ್ರೈಸ್ತ ಹಿರಿಯರ ಅಸಮ್ಮತಿಯನ್ನು. ಅವರ ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡೀನ್ ನಿಜವಾಗಿ ವಾತ್ಸಲ್ಯವಂತೆ. ಆದರೆ ಶಿಷ್ಯೆ ಪ್ರಶ್ನೆ ಕೇಳದೆ ವಿಧೇಯಳಾಗಿರಬೇಕೆಂಬುದು ಅವರ ಆಸೆ. ಇವರೋ ಅನಂತಶಾಸ್ತ್ರಿಗಳ ಮಗಳು! ತ್ರಿತ್ವದ ತತ್ತ್ವವನ್ನು ಬೈಬಲ್ಲಿನಲ್ಲಿ ಎಲ್ಲಿ ಹೇಳಿದೆ, ತೋರಿಸಿ ಎಂದರು. ಚರ್ಚಿನ ಸಾಂಪ್ರದಾಯಿಕ ವಿಶ್ವಾಸಪ್ರಮಾಣಗಳನ್ನು ಅರ್ಥವಾಗದೆ ಪಠಿಸಲಾರೆನೆಂದರು. ಸಸ್ಯಾಹಾರವನ್ನು ಬಿಡಲೊಲ್ಲದಿದ್ದುದನ್ನು ಹಳೆಯ ಜಾತ್ಯಭಿಮಾನವೆಂದು ಆಕ್ಷೇಪಿಸಿದರೂ ಬಿಡಲಿಲ್ಲ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳು ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಇಂಗ್ಲೆಂಡಿನಲ್ಲಿ ಕ್ರೈಸ್ತರೊಳಗೇ ಇಷ್ಟೊಂದು ಪಂಗಡಗಳನ್ನು ಕಂಡು, ತಾನು ಸೇರಿದ್ದು ಕ್ರಿಸ್ತನ ಸಭೆಯನ್ನೇ ಹೊರತು ಒಂದು ಪಂಗಡವನ್ನಲ್ಲವೆಂದು ಹಟ ಹಿಡಿದರು.

ಪತ್ರಸಂಪುಟದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಪ್ರಸಂಗ ಒಂದಿದೆ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ರಮಾಬಾಯಿಯವರು ತರುಣರಿಗೂ ಸಂಸ್ಕೃತ ಪಾಠ ಹೇಳುವ ಪ್ರಸ್ತಾಪ ಬಂತು. ಭಾರತದಲ್ಲಿದ್ದ ಬಿಷಪ್ಪರು ಕೂಡದೆಂದರು. ಹೆಂಗಸು ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಆಕೆಯ ಗೌರವ ಕುಂದುವುದಂತೆ! ರಮಾಬಾಯಿಯವರ ಉತ್ತರದ ಭಾವ ಹೀಗೆ: ನನ್ನ ತಾಯಿ ತರುಣರಿಗೆ ಪಾಠ ಹೇಳುವುದಕ್ಕೆ ನನ್ನ ತಂದೆ ಅಡ್ಡ ಬರಲಿಲ್ಲ, ನಾನು ಹೇಳುವುದಕ್ಕೆ ನನ್ನ ಗಂಡ ಅಡ್ಡ ಬರಲಿಲ್ಲ, ಅಡ್ಡ ಬರುವವರು ಇಂಗ್ಲಿಷರಲ್ಲಿ ಕೆಲವರಾದರಲ್ಲ! ಮತ್ತೊಂದು ಪತ್ರದಲ್ಲಿ, ನನಗೂ ಒಂದು ಅಂತಃಸಾಕ್ಷಿಯುಂಟು, ವಿಚಾರಶಕ್ತಿಯುಂಟು; ಬಹು ಕಷ್ಟದಿಂದ ಒಂದು ಪುರೋಹಿತವರ್ಗದ ನೊಗವನ್ನು ಕಳಚಿ ಬಂದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬ ಅರ್ಥದ ಮಾತುಗಳನ್ನು ಬರೆದಿದ್ದಾರೆ. ಈ ಮಾತನ್ನು ಬರೆದಾಗ ಅವರ ಊಟ ವಸತಿಗಳೆಲ್ಲ ಯಾರಿಂದ ನಡೆಯುತ್ತಿದ್ದುವೋ ಅವರಿಗೇ ಅದನ್ನು ಬರೆದದ್ದು ಎಂಬುದನ್ನು ಮರೆಯಬಾರದು.

ತರಗತಿಯಲ್ಲಿ ಒಮ್ಮೆ ಈ ಪ್ರಸಂಗ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು, “ಹಾಗಾದರೆ ಸರ್, ಅಲ್ಲಿಯೂ ಇದೇ ಕಟ್ಟಳೆಯೆಂದ ಮೇಲೆ ಆಕೆ ಏಕೆ ಮರಳಿ ಬರಲಿಲ್ಲ?” ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಅದರ ಉತ್ತರದಲ್ಲಿಯೇ ರಮಾಬಾಯಿಯವರ ಜೀವದ ತಿರುಳಿದೆ. ಅವರು ಮರಳದಿದ್ದುದಕ್ಕೆ ಕಾರಣ, ಅವರು ಹೋದದ್ದು ಬಿಷಪ್ಪರ ಬಳಿಗಲ್ಲ. ಬಾವಿಕಟ್ಟೆಯ ಬಳಿ ಸಮಾರ್ಯದವಳೊಡನೆ ಮಾತಾಡಿದವನ ಬಳಿಗೆ. ಬಿಷಪ್ಪರು ಒಪ್ಪಿದರೆ ಆ ಸಂಬಂಧ ಗಟ್ಟಿಯಾಗುವುದಿಲ್ಲ. ಒಪ್ಪದಿದ್ದರೆ ಸಡಿಲವಾಗುವುದೂ ಇಲ್ಲ. ಅಕ್ಕಮಹಾದೇವಿಯನ್ನು ಓದಿದ ಕನ್ನಡಿಗರಿಗೆ ಇದು ಹೊಸ ಮಾತಲ್ಲ. ಅರಸನ ಮನೆಯನ್ನು ತೊರೆದು ಬಂದ ಅಕ್ಕನನ್ನು ಕಲ್ಯಾಣವೂ ಸುಮ್ಮನೆ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅಲ್ಲಮನ ಕಠಿಣವಾದ ಪ್ರಶ್ನೆಗಳನ್ನು ಎದುರಿಸಿಯೇ ಆಕೆ ಒಳಹೊಕ್ಕಳೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಕ್ಕನು ಬಂದದ್ದು ಚೆನ್ನಮಲ್ಲಿಕಾರ್ಜುನನಿಗಾಗಿ. ಮತಗಳು ಬೇರೆ, ಕಾಲ ಬೇರೆ. ನಂಬಿಕೆಯ ನೆಲೆ ಮಾತ್ರ ಒಂದೇ ಬಗೆಯದು.

ತೆರೆದ ಬಾಗಿಲು

1886ರಲ್ಲಿ ರಮಾಬಾಯಿಯವರು ಆನಂದೀಬಾಯಿ ಜೋಶಿಯವರ ವೈದ್ಯಪದವಿಯ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಮರುವರ್ಷ ಇಂಗ್ಲಿಷಿನಲ್ಲಿ ಹಿಂದೂ ಮೇಲ್ಜಾತಿಯ ಸ್ತ್ರೀಯರ ಸ್ಥಿತಿಯನ್ನು ಕುರಿತು ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘ ಹತ್ತು ವರ್ಷಗಳ ಕಾಲ ನೆರವು ನೀಡುವ ಹೊಣೆ ಹೊತ್ತಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಬಂತು. ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದ ಗೋದೂಬಾಯಿ ಈ ಸದನದ ಮೊದಲ ವಿಧವಾ ವಿದ್ಯಾರ್ಥಿನಿ.

ಸದನದಲ್ಲಿ ಮತಬೋಧನೆ ಮಾಡಕೂಡದೆಂಬುದು ನಿಯಮ. ಹುಡುಗಿಯರು ತಮ್ಮ ಆಚಾರ, ಪೂಜೆ, ಮಡಿಗಳನ್ನು ಉಳಿಸಿಕೊಳ್ಳಬಹುದಿತ್ತು. ಇದರಿಂದ ಮಿಷನರಿಗಳಿಗೆ ಅಸಮಾಧಾನ: ಕ್ರೈಸ್ತಳು ನಡೆಸುವ ಶಾಲೆಯಲ್ಲಿ ಕ್ರಿಸ್ತನ ಹೆಸರಿಲ್ಲವೆ? ಅತ್ತ ರಮಾಬಾಯಿಯವರು ದಿನವೂ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುತ್ತಿದ್ದರು; ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತರು. ಇದರಿಂದ ಪುಣೆಯವರಿಗೆ ಅಸಮಾಧಾನ. ‘ಕೇಸರಿ’ ಕಟುವಾಗಿ ಟೀಕಿಸಿತು. 1893ರಲ್ಲಿ ಸಲಹಾ ಮಂಡಲಿಯಲ್ಲಿದ್ದ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಹೊರಬಂದರು. ಅನೇಕ ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ರಾನಡೆ, ಭಾಂಡಾರಕರರು ಸಂಕುಚಿತ ಮನಸ್ಸಿನವರಲ್ಲ. ವಿಧವೆಯರ ವಿದ್ಯೆಗಾಗಿ ತಾವೂ ಬೈಸಿಕೊಂಡವರು. ತಮ್ಮ ಮಾತನ್ನು ನಂಬಿ ಮಕ್ಕಳನ್ನು ಕಳಿಸಿದ ತಾಯ್ತಂದೆಗಳಿಗೆ ಉತ್ತರ ಹೇಳಬೇಕಾದ ಹೊಣೆ ಅವರ ಮೇಲಿತ್ತು. ಆಶ್ರಯ ಕೊಟ್ಟವರ ನಂಬಿಕೆ ಆಶ್ರಯ ಪಡೆದವರ ಮೇಲೆ ಮೌನವಾಗಿಯೂ ಭಾರ ಹಾಕಬಲ್ಲದೆಂಬ ಅವರ ಆತಂಕ ಸುಳ್ಳಲ್ಲ. ಅಂತೆಯೇ ರಮಾಬಾಯಿಯವರ ನಿಲುವಿಗೂ ಬಲವಿತ್ತು: ಒಬ್ಬ ಹೆಂಗಸು ತನ್ನ ಮನೆಯಲ್ಲಿ ತನ್ನ ದೇವರನ್ನು ಪ್ರಾರ್ಥಿಸುವಾಗ ಬಾಗಿಲು ಮುಚ್ಚಬೇಕೆಂದು ಹೇಳುವವರಾರು? ಎರಡು ನ್ಯಾಯಗಳು ಎದುರುಬದುರಾಗಿ ನಿಂತ ಗಳಿಗೆ ಅದು. ಬಾಗಿಲು ಮುಚ್ಚಿದ್ದರೆ ಸದನ ತುಂಬಿರುತ್ತಿತ್ತು. ಅವರು ಬಾಗಿಲು ಮುಚ್ಚಲಿಲ್ಲ. ಸದನ ಅರ್ಧ ಬರಿದಾಯಿತು. ಉಳಿದವರೊಡನೆ ಕೆಲಸ ಮುಂದುವರಿಯಿತು.

ಈ ನಡುವೆ ಅವರೊಳಗೂ ಒಂದು ಬದಲಾವಣೆ ನಡೆದಿತ್ತು. ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ, ತನಗೆ ಕ್ರೈಸ್ತಧರ್ಮ ದೊರೆತಿದೆಯೇ ಹೊರತು ಕ್ರಿಸ್ತನು ಇನ್ನೂ ದೊರೆತಿಲ್ಲವೆಂದು ಅವರಿಗೆ ಅನ್ನಿಸಿತಂತೆ. ವಿಚಾರದಿಂದ ಒಪ್ಪಿದ್ದನ್ನು ಹೃದಯದಿಂದ ಆತುಕೊಳ್ಳುವ ಹಂತ ಅದು. ಅಲ್ಲಿಂದ ಮುಂದೆ ಅವರ ಮಾತಿನಲ್ಲಿ ವಾದ ಕಡಿಮೆಯಾಗುತ್ತದೆ, ಭರವಸೆ ಹೆಚ್ಚುತ್ತದೆ.

ಸಂಕಲ್ಪವೆಂದರೇನು?

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ತಲೆದೋರಿತು. ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ ಆ ಸುದ್ದಿ ಪತ್ರಿಕೆಯ ಸುದ್ದಿಯಾಗಿ ಉಳಿಯಲಿಲ್ಲ. ತಾವೇ ಹೋಗಿ ಅನಾಥೆಯರನ್ನೂ ವಿಧವೆಯರನ್ನೂ ಹುಡುಕಿ ಸುಮಾರು 300 ಮಂದಿಯನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಭಯ. ಅಷ್ಟು ಜನರನ್ನು ಊರಲ್ಲಿ ಇಡುವಂತಿರಲಿಲ್ಲ. ಸದನದ ಖರ್ಚಿಗೆ ಆದಾಯ ಬರಲೆಂದು ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಹೊಲ ಆಗ ಆಸರೆಯಾಯಿತು. ಗುಡಿಸಲು ಕಟ್ಟಿ ನಿಂತ ಆ ನೆಲೆಯೇ ‘ಮುಕ್ತಿ’. 1900ರ ಗುಜರಾತ್ ಕ್ಷಾಮದ ಅನಂತರ ಅಲ್ಲಿ ಸುಮಾರು 2,000 ಮಂದಿ ಇದ್ದರು. ನೇಯ್ಗೆ, ಎಣ್ಣೆಗಾಣ, ಹೈನು, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸಿದರು. ಮನೋರಮಾಬಾಯಿಯವರು ಕುರುಡರಿಗೆ ಬೆರಳಿನಿಂದ ಓದುವುದನ್ನು ಕಲಿಸಿದರು. ‘ಕೃಪಾ ಸದನ’ವೆಂಬ ಮನೆಯೊಂದು ಬೇರೆಯಾಗಿ ಎದ್ದಿತು, ಫುಲ್‌ಹ್ಯಾಮಿನಲ್ಲಿ ಕಂಡ ಬಗೆಯದೇ, ಊರು ದೂಡಿದ ಹೆಂಗಸರಿಗಾಗಿ. 1912ರಲ್ಲಿ ನಮ್ಮ ಕಲಬುರಗಿಯಲ್ಲಿಯೂ ಒಂದು ಶಾಲೆ ಆರಂಭವಾಗಿ ಮನೋರಮಾಬಾಯಿಯವರು ಅದನ್ನು ನಡೆಸಿದರು.

ಇಷ್ಟಕ್ಕೆಲ್ಲ ಹಣ? ಬ್ರಿಸ್ಟಲ್ ನಗರದಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಎಂಬವರ ನಡೆ ರಮಾಬಾಯಿಯವರಿಗೆ ಮಾದರಿಯಾಗಿತ್ತು: ಬೇಕಾದುದನ್ನು ದೇವರಲ್ಲಿ ಕೇಳು, ಕೆಲಸವನ್ನು ನೀನು ಮಾಡು. ಇಲ್ಲಿ ದೈವಸಂಕಲ್ಪವೆಂಬ ಮಾತಿನ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ನಾವು ಆ ಮಾತನ್ನು ಹೆಚ್ಚಾಗಿ ಬಳಸುವುದು ಕೈಚೆಲ್ಲಿ ಕೂರುವಾಗ. ‘ದೇವರಿಟ್ಟಂತಾಗಲಿ’ ಎಂದು ಉಸಿರು ಬಿಟ್ಟರೆ ನಮ್ಮ ಹೊಣೆ ತೀರಿತು. ರಮಾಬಾಯಿಯವರಲ್ಲಿ ಅದು ಎದ್ದು ಹೊರಡುವಾಗಿನ ಮಾತು. ಕಿವಿ ಮಂದವಾದ್ದರಿಂದ ವೈದ್ಯವಿದ್ಯೆ ತಪ್ಪಿತು. ಶಾಲೆಯ ದಾರಿ ತೆರೆಯಿತು. ಪುಣೆ ಬಾಗಿಲು ಮುಚ್ಚಿತು. ಕೇಡಗಾಂವದ ಹೊಲ ಕಾದಿತ್ತು. ಹಿಂತಿರುಗಿ ನೋಡಿದಾಗ ಅವರಿಗೆ ಇದರಲ್ಲೆಲ್ಲ ಒಂದು ಕೈ ಕಂಡಿತು. ಕಾಣದವರು ಇದನ್ನು ಕಾಕತಾಳೀಯವೆನ್ನಬಹುದು. ಅದಕ್ಕೆ ಅವರಿಗೆ ಹಕ್ಕುಂಟು. ಆದರೆ ಆ ಕೈಯನ್ನು ನಂಬಿದವರು ಕೈಕಟ್ಟಿ ಕೂರಲಿಲ್ಲವೆಂಬುದು ಯಾರೂ ಅಲ್ಲಗಳೆಯಲಾರದ ಸಂಗತಿ.

ಕೊನೆಯ ಹದಿನೈದು ಹದಿನಾರು ವರ್ಷಗಳನ್ನು ಅವರು ಬೈಬಲ್ಲಿನ ಮರಾಠಿ ಅನುವಾದಕ್ಕೆ ಮುಡಿಪಾಗಿಟ್ಟರು. ಮಧ್ಯವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಇದ್ದ ಅನುವಾದದ ಸಂಸ್ಕೃತಭೂಯಿಷ್ಠ ಮರಾಠಿ ಹಳ್ಳಿಯ ಹೆಂಗಸರಿಗೆ ಎಟುಕುವುದಿಲ್ಲವೆಂಬುದು ಅವರ ಕೊರಗು. ಕಲ್ಕತ್ತೆಯಲ್ಲಿ ಕೈಗೆ ಬಂದ ಸಂಸ್ಕೃತ ಬೈಬಲ್ಲನ್ನು ಇಲ್ಲಿ ನೆನೆಯಬೇಕು. ಸಂಸ್ಕೃತವೇ ಉಸಿರಾಗಿದ್ದ ಪಂಡಿತೆ ಸಂಸ್ಕೃತವನ್ನು ಬದಿಗಿಟ್ಟು, ನೀರು ಸೇದುವ, ಬೀಸುವ ಹೆಂಗಸರ ಮಾತಿನಲ್ಲಿ ಬರೆಯಹೊರಟರು. ಭಾಷೆಯನ್ನು ಪಾಠ ಹೇಳಿ ಬದುಕುವ ನನ್ನಂಥವನಿಗೆ ಅವರ ತ್ಯಾಗಗಳಲ್ಲೆಲ್ಲ ಇದೇ ದೊಡ್ಡದಾಗಿ ಕಾಣುತ್ತದೆ. ಮನೆಯನ್ನು ಬಿಡಬಹುದು, ಮಾನ್ಯತೆಯನ್ನು ಬಿಡಬಹುದು. ಗಳಿಸಿದ ವಿದ್ವತ್ತಿನ ಠೀವಿಯನ್ನು ಬಿಡುವುದು ಸುಲಭವೆ? ಅಕ್ಷರ ಜೋಡಿಸಿದವರೂ ಅಚ್ಚು ಹಾಕಿದವರೂ ಮುಕ್ತಿಯ ಹೆಣ್ಣುಮಕ್ಕಳೇ.

1921ರ ಜುಲೈಯಲ್ಲಿ ಮನೋರಮಾಬಾಯಿ ತಾಯಿಗಿಂತ ಮೊದಲೇ ಕಣ್ಣುಮುಚ್ಚಿದರು. ಆ ಪೆಟ್ಟಿನ ಕೆಳಗೂ ರಮಾಬಾಯಿಯವರು ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು, ಅನುವಾದದ ಕೆಲಸ ಮುಗಿದ ಸ್ವಲ್ಪದರಲ್ಲಿಯೇ ಅವರೂ ತೀರಿಕೊಂಡರು. ಗ್ರಂಥ 1924ರಲ್ಲಿ ಹೊರಬಂತು. ಭಾರತ ಸರ್ಕಾರ 1989ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿ ತಂದಿತು. ಮುಕ್ತಿ ಇಂದಿಗೂ ನಡೆಯುತ್ತಿದೆ.

ರಮಾಬಾಯಿಯವರ ಮತ ನಮ್ಮದಾಗಬೇಕೆಂದು ಯಾರೂ ಹೇಳುವುದಿಲ್ಲ. ಅವರು ಹಿಂದೂ ಶಾಸ್ತ್ರಗಳ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಯೂ ಇಲ್ಲ. ಆದರೆ ನಮ್ಮ ಮನೆಯಲ್ಲಿ, ನೆರೆಯಲ್ಲಿ, ನಮ್ಮ ಎದುರಿನ ಬೆಂಚಿನಲ್ಲಿ ಕುಳಿತ ಯಾರಾದರೊಬ್ಬರು ನಮಗೆ ಒಪ್ಪಿಗೆಯಿಲ್ಲದ ನಂಬಿಕೆಯೊಂದನ್ನು ಮನಸಾರೆ ಹಿಡಿದಾಗ, ಅವರನ್ನು ಕಳೆದುಕೊಂಡೆವೆಂದು ರೋಷಗೊಳ್ಳುವವರೂ ಗೆದ್ದುಕೊಂಡೆವೆಂದು ಹಿಗ್ಗುವವರೂ ಒಂದೇ ತಪ್ಪು ಮಾಡುತ್ತಾರೆ: ಮನುಷ್ಯನ ಆತ್ಮ ಯಾರದೋ ಆಸ್ತಿಯೆಂದು ಬಗೆಯುತ್ತಾರೆ. ಗಂಗಾಮೂಲದಲ್ಲಿ ಹುಟ್ಟಿದ ಮೂರು ನದಿಗಳಲ್ಲಿ ಎರಡು ಮೂಡಲಿಗೆ ಹರಿದರೆ ಒಂದು ಪಡುವಲಿಗೆ ಹರಿಯುತ್ತದೆ. ಪಡುವಲಿಗೆ ಹರಿದುದನ್ನು ನಾವು ಗಂಗಾಮೂಲದ್ದಲ್ಲವೆಂದು ಹೇಳುವುದುಂಟೆ?